ಕೆಂಪು ಶಿಲುಬೆಗಳು

ಬಂಗುಡೆ ಸಾರಿನ ಮಡಕೆ ಗೋಡೆಗೆ ಬಡಿದು ಚೂರಾಯಿತು. ಎಸೆದವಳು ಬರ್ನಡೆಟ್. ಗೋಡೆಯಿಂದ ಇಳಿಯುತ್ತಿದ್ದ ಸಾರನ್ನು ಅವಳೇ ನಂಬದವಳಂತೆ ನೋಡುತ್ತಿದ್ದಳು. ನಾಲ್ಕು ವರ್ಷದ ಮಗಳು ಎಸ್ತೆರ್ ಮೇಜಿನ ಅಡಿ ಸೇರಿಕೊಂಡಿದ್ದಳು. ಅತ್ತೆ ತೆರೆಸಾ ಬಾಯಿ ಎದ್ದು, ಇಗರ್ಜಿಯ ಕ್ಯಾಲೆಂಡರಿನಲ್ಲಿ ಆ ದಿನದ ಮೇಲೆ ಕೆಂಪು ಪೆನ್ಸಿಲಿನಿಂದ ಒಂದು ಶಿಲುಬೆ ಎಳೆದರು. 1962ರ ಜನವರಿಯಿಂದ ಸೊಸೆ ರಂಪ ಮಾಡಿದ ದಿನಗಳೆಲ್ಲ ಅಲ್ಲಿದ್ದವು. ಬೇರೆಯವರು ಪುಣ್ಯ ಕೂಡಿಡುತ್ತಾರೆ, ಈ ಮಹಾತಾಯಿ ಸೊಸೆಯ ಪಾಪ ಕೂಡಿಟ್ಟಿದ್ದರು.

"ಯೂಸ್ಟೇಸ್, ನಾಳೆ ಫಳ್ನೀರಿನ ಡಾಕ್ಟ್ರಮ್ಮನಲ್ಲಿಗೆ ಹೋಗುವ. ಹುಚ್ಚು ಅಂತ ಬರೆದು ಕೊಡ್ಲಿ. ಮತ್ತೆ ಇವಳು ಬಜಪೆಗೆ, ಅಪ್ಪನ ಮನೆಗೆ. ಮಗು ಇಲ್ಲೇ ಇರ್ತದೆ," ಎಂದರು ಮಗನಿಗೆ.

ಮಗ ತಲೆ ತಗ್ಗಿಸಿದ. ಹಂಚಿನ ಕಾರ್ಖಾನೆಯಲ್ಲಿ ನೂರು ಜನರ ಹಾಜರಿ ಕೂಗುವ ಗಂಟಲು ತಾಯಿಯ ಎದುರು ಏಳುತ್ತಿರಲಿಲ್ಲ.

"ಎಸ್ತೆರನ್ನು ಮಾತ್ರ ನನ್ನಿಂದ ತೆಗೀಬೇಡಿ, ಮಾಂಯ್," ಎಂದು ಅತ್ತೆಯನ್ನು ಬೇಡಿಕೊಂಡಳು ಬರ್ನಡೆಟ್. "ನನಗೆ ಎಂತ ಆಗ್ತದೆ ಅಂತ ನನಗೇ ಗೊತ್ತಾಗುದಿಲ್ಲ..."

ಮರುದಿನ ಫಳ್ನೀರಿನಲ್ಲಿ ಡಾಕ್ಟರ್ ಶಶಿಪ್ರಭಾ, ತೆರೆಸಾ ಬಾಯಿ ತಂದಿದ್ದ ಕ್ಯಾಲೆಂಡರಿನ ಹಾಳೆಗಳನ್ನು ಒಂದೊಂದಾಗಿ ತಿರುವಿದರು. ಯೂಸ್ಟೇಸನನ್ನು ಹೊರಗೆ ಕಳಿಸಿ, ಬರ್ನಡೆಟ್‌ಳನ್ನು ತಗ್ಗಿದ ದನಿಯಲ್ಲಿ ಏನೋ ಕೇಳಿದರು. ಅವಳು ನಾಚಿಕೆಯಿಂದ, "ಕಳೆದ ಸಲ ಜೂನಿನಲ್ಲಿ, ಸಂತ ಅಂತೋನಿಯ ಹಬ್ಬದ ದಿನ," ಎಂದಳು. ಅದರ ಹಿಂದಿನವನ್ನೂ ನೆನಪಿಸಿಕೊಂಡು ಹೇಳಿದಳು. ಡಾಕ್ಟರು ಆ ದಿನಗಳಿಗೆ ನೀಲಿ ಸುತ್ತು ಹಾಕಿದರು. ಪ್ರತಿ ಸುತ್ತಿನ ಹಿಂದಿನ ದಿನಗಳಲ್ಲಿ ಐದಾರು ಶಿಲುಬೆಗಳು ಗುಂಪಾಗಿ ನಿಂತಿದ್ದವು. ಸುತ್ತಿನ ನಂತರದ ಎರಡು ವಾರ ಒಂದೂ ಇರಲಿಲ್ಲ.

"ತೆರೆಸಾ ಬಾಯಿ, ಇದು ಹುಚ್ಚಲ್ಲ. ಮುಟ್ಟಿನ ಮೊದಲು ಕೆಲವರಿಗೆ ಮನಸ್ಸು ಹೀಗೆ ಕೆಡ್ತದೆ. ಇದು ಮೈಯ ಕಾಯಿಲೆ, ಸ್ವಭಾವ ಅಲ್ಲ. ಮಾತ್ರೆ ಕೊಡ್ತೇನೆ. ಆ ವಾರ ಉಪ್ಪು ಕಮ್ಮಿ ಮಾಡಿ, ಕೆಲಸ ಹಗುರ ಮಾಡಿ, ಚೆನ್ನಾಗಿ ಮಲಗ್ಲಿ. ಪೂರಾ ಹೋಗ್ತದೆ ಅಂತ ನಾನು ಹೇಳುದಿಲ್ಲ. ಆದ್ರೆ ಯಾವಾಗ ಬರ್ತದೆ ಅಂತ ಗೊತ್ತಾಯ್ತಲ್ಲ, ಅದು ನೀವು ಬರೆದಿಟ್ಟದ್ದರಿಂದ."

ತೆರೆಸಾ ಬಾಯಿ ಹಾಳೆಯ ಮೇಲಿನ ಒಂದು ನೀಲಿ ಸುತ್ತನ್ನು ಬೆರಳಿನಿಂದ ಮುಟ್ಟಿದರು.

"ನನ್ನ ಮಗಳು ನೆಲ್ಲಿಗೂ ಹೀಗೇ ಇತ್ತು... ಎರಡು ವಾರ ನಗು, ಮತ್ತೆ ಕಿರುಚಾಟ. ಅದೂ ಇದೇನಾ, ಡಾಕ್ಟ್ರಮ್ಮ?"

"ನೋಡದೆ ನಾನು ಹೇಗೆ ಹೇಳ್ಲಿ?"

ನೆಲ್ಲಿ ಅವರ ಹಿರಿಯ ಮಗಳು. ಹುಚ್ಚಿ ಎಂದು ಗಂಡನ ಮನೆಯವರು ಹಿಂದೆ ಕಳಿಸಿದಾಗ, ತಾಯಿಯೇ ಅವಳನ್ನು ದೂರದೂರಿನ ಹುಚ್ಚಾಸ್ಪತ್ರೆಯಲ್ಲಿ ಬಿಟ್ಟು ಬಂದಿದ್ದರು. ಅವಳು ಅಲ್ಲಿಂದ ಜೀವಂತವಾಗಿ ಮರಳಲಿಲ್ಲ.

ಬಜಪೆಯ ಮಾತು ಅಲ್ಲಿಗೆ ನಿಂತಿತು. ಆಗಸ್ಟಿನ ಆ ವಾರ ಬರುವ ಮೊದಲೇ ತೆರೆಸಾ ಬಾಯಿ ಒಣಮೀನು, ಉಪ್ಪಿನಕಾಯಿಗಳನ್ನು ಅಟ್ಟಕ್ಕೇರಿಸಿದರು. ಒಲೆಯ ಮುಂದೆ ತಾವೇ ಕುಳಿತರು. ಮೂರು ದಿನ ಮನೆ ಶಾಂತವಾಗಿತ್ತು. ನಾಲ್ಕನೆಯ ದಿನ, ಎಸ್ತೆರ್‌ಳ ತಲೆಯನ್ನು ಅತ್ತೆ ಬಾಚಿದ ಸಣ್ಣ ವಿಷಯಕ್ಕೆ ಬರ್ನಡೆಟ್ ಸಿಡಿದಳು.

"ನನ್ನ ಮಗಳನ್ನು ಮುಟ್ಟಬೇಡಿ. ನೀವು ನಿಮ್ಮ ಮಗಳನ್ನೇ ಕೊಂದವರು."

ಯೂಸ್ಟೇಸ್ ಮೊದಲ ಬಾರಿಗೆ ಹೆಂಡತಿಯ ಮೇಲೆ ಕೈ ಎತ್ತಿದ. ತಾಯಿ ಆ ಕೈ ಹಿಡಿದರು.

"ಬೇಡ ಮಗಾ. ಇವತ್ತು ತಾರೀಕು ಎಷ್ಟು, ನೋಡು."

ಕೆಂಪು ಪೆನ್ಸಿಲ್ ಕ್ಯಾಲೆಂಡರಿನ ಮೊಳೆಗೆ ಕಟ್ಟಿದ ದಾರದಲ್ಲಿ ಹಾಗೆಯೇ ತೂಗುತ್ತಿತ್ತು.

ಮೂರು ದಿನ ಕಳೆದು ಬರ್ನಡೆಟ್ ಅತ್ತೆಯ ಕಾಲ ಬುಡದಲ್ಲಿ ಕುಳಿತು ಅತ್ತಳು.

"ಆ ಮಾತು ನಿನ್ನದಲ್ಲ, ನಿನ್ನ ಕಾಯಿಲೆಯದ್ದು, ಗೊತ್ತುಂಟು ನನಗೆ," ಎಂದರು ತೆರೆಸಾ ಬಾಯಿ. ಸೊಸೆಯ ಬಟ್ಟಲನ್ನು ಹತ್ತಿರ ಸರಿಸಿದರು. "ಸುಳ್ಳೂ ಅಲ್ಲ ಅದು... ಏಳು, ಗಂಜಿ ತಣೀತದೆ."