ಕಿಟಕಿಯಲ್ಲಿ ಮಾಯವಾದ ಲೆನ್ಸ್

ಕದ್ರಿಯ ಏರು ರಸ್ತೆಯಲ್ಲಿ ಮೈಯಿಡೀ ಕಪ್ಪು ಬಟ್ಟೆ ತೊಟ್ಟ ಹುಡುಗನೊಬ್ಬ ಏದುಸಿರು ಬಿಡುತ್ತ ಸೈಕಲ್ ತುಳಿಯುತ್ತಿದ್ದ. ಹಿಂದೆ ನಾಯಿಗಳ ದಂಡು. ಪತ್ತೇದಾರಿಣಿ ಕುಶಲಾ ಶೆಟ್ಟಿಯ ಮನೆಯ ಜಗಲಿಯಿಂದ ಅದನ್ನು ನೋಡಿದ ಗುಲಾಬಿ ಬಿದ್ದು ಬಿದ್ದು ನಕ್ಕಳು. ಗುಲಾಬಿ ಕುಶಲಾಳ ಟೈಪಿಸ್ಟ್, ನೆರಳಿನಂತಿರುವ ಗೆಳತಿ. ಸಾಲದ್ದಕ್ಕೆ ಸಿನಿಮಾದ ಹುಚ್ಚು ಬೇರೆ.

"ಕುಶಲಕ್ಕ, ಬೇಗ ಬನ್ನಿ! ಯಮನ ಏಜೆಂಟ್ ಸೈಕಲಲ್ಲಿ ಬಂದ!"

ಹುಡುಗ ಗೇಟಿನೊಳಗೆ ಸೈಕಲ್ ಕೆಡವಿ ಓಡಿ ಬಂದ. "ನಾನು ಕಾಸಿಂ, ತೊಕ್ಕೊಟ್ಟಿನವ. ಫಿಲ್ಮಿನಲ್ಲಿ ಅದೃಶ್ಯ ಆಗುವವ ನಾನೇ. ಈ ಕಪ್ಪು ವೇಷ ಅದಕ್ಕೇ."

"ಊರಿನ ನಾಯಿಗಳಿಗೆಲ್ಲ ಕಾಣ್ತಾ ಉಂಟಲ್ಲ ಮಾರಾಯ!" ಎಂದಳು ಗುಲಾಬಿ.

ಕಾಸಿಂ ನಗಲಿಲ್ಲ. ಅವನ ಕಣ್ಣು ತುಂಬಿತ್ತು. ಕುಶಲಾ ಹೊರಗೆ ಬಂದು ಅವನ ಕೈಗೆ ನೀರಿನ ಲೋಟ ಕೊಟ್ಟಳು. "ಕೂತ್ಕೋ. ಎಂತ ಆಯ್ತು, ಮೊದಲಿನಿಂದ ಹೇಳು."

ನಿತ್ಯಾನಂದ ಎಂಬ ಯುವಕ 'ಕೊನೆಯ ಬೆಂಚಿನ ಮಾಯಗಾರರು' ಎಂಬ ತಮಾಷೆ ಸಿನಿಮಾ ತೆಗೆಯುತ್ತಿದ್ದ. ಪರೀಕ್ಷೆಯಲ್ಲಿ ಫೇಲಾದ ಕಾಲೇಜು ಹುಡುಗರಿಗೆ ಇದ್ದಕ್ಕಿದ್ದಂತೆ ಮಾಯಾಶಕ್ತಿ ಬರುವ ಕತೆ. ಒಬ್ಬ ಹಾರುತ್ತಾನೆ, ಒಬ್ಬ ಮಾಯವಾಗುತ್ತಾನೆ. ಅದಕ್ಕಾಗಿ ಮದ್ರಾಸಿನಿಂದ ಬಾಡಿಗೆಗೆ ತಂದ ಚಿಕ್ಕದೊಂದು ಲೆನ್ಸ್ ಹೋದ ವಾರ ಶೂಟಿಂಗಿನ ನಡುವೆ ಕಳೆದುಹೋಗಿತ್ತು.

"ಹಾರುವವನ ಪಾರ್ಟು ಚಿತ್ತರಂಜನನದ್ದು," ಎಂದ ಕಾಸಿಂ. "ಅವತ್ತು ಅವನು ಕಂಪೌಂಡ್ ಗೋಡೆಯಿಂದ ಧುಮುಕಿ ಕಾಲು ಉಳುಕಿಸಿಕೊಂಡ. ಎಲ್ಲರೂ ಅವನ ಹತ್ತಿರ ಓಡಿದ್ರು. ಮತ್ತೆ ನೋಡಿದ್ರೆ ಲೆನ್ಸ್ ಇಲ್ಲ!"

"ನೀನು ಎಲ್ಲಿದ್ದೆ?"

"ಸಾಮಾನಿನ ಕೋಣೆಯಲ್ಲಿ, ಮುಸುಕು ಕಟ್ಟಿಕೊಳ್ತಾ ಇದ್ದೆ. 'ಲೆನ್ಸಿನ ಚೀಲ ಕಿಟಕಿಯಲ್ಲಿಡು' ಅಂತ ಹೊರಗಿಂದ ಯಾರೋ ಕೂಗಿದ್ರು. ಕಿವಿ ಮುಚ್ಚಿತ್ತು, ಸ್ವರ ಯಾರದ್ದು ಅಂತ ಗೊತ್ತಾಗ್ಲಿಲ್ಲ. ತಡಕಾಡಿ ಚೀಲ ಹುಡುಕಿ ಇಟ್ಟೆ, ಅಷ್ಟೆ. ಈಗ ಮದ್ರಾಸಿನಿಂದ ಫಿಲ್ಮ್ ತೊಳೆದು ಬಂದಿದೆ. ಬೆಳಿಗ್ಗೆ ಥಿಯೇಟರಿನಲ್ಲಿ ಹಾಕಿದ್ರು. ಅದರಲ್ಲಿ ನಾನು ಚೀಲ ಒಳಗೆ ಎಳಕೊಳ್ಳುದೇ ಕಾಣ್ತದೆ! ನಾನು ಹಾಗೆ ಮಾಡ್ಲೇ ಇಲ್ಲ ಅಕ್ಕ, ಉಮ್ಮನ ಆಣೆ! ಮಧ್ಯಾಹ್ನದೊಳಗೆ ಲೆನ್ಸ್ ಕೊಡದಿದ್ರೆ ಕಂಪ್ಲೇಂಟ್ ಅಂತೆ. ದುಬೈಗೆ ಹೋಗ್ಲಿಕ್ಕೆ ಪಾಸ್‌ಪೋರ್ಟಿಗೆ ಹಾಕಿದ್ದೇನೆ. ಪೊಲೀಸ್ ಎನ್‌ಕ್ವಾಯರಿ ಬಾಕಿ ಉಂಟು. ಈಗ ಕೇಸು ಬಿದ್ರೆ ಮುಗಿಯಿತು."

ಕುಶಲಾ ಚಪ್ಪಲಿ ಮೆಟ್ಟಿದಳು. "ಗುಲಾಬಿ, ರಿಕ್ಷಾ ಕರಿ. ಸಿನಿಮಾ ನೋಡ್ಲಿಕ್ಕುಂಟು."

ಥಿಯೇಟರಿನಲ್ಲಿ ನಿತ್ಯಾನಂದ ತಲೆ ಹಿಡಿದುಕೊಂಡು ಕುಳಿತಿದ್ದ. ಪಕ್ಕದಲ್ಲಿ ಕಾಲಿಗೆ ಬ್ಯಾಂಡೇಜು ಸುತ್ತಿದ ಚಿತ್ತರಂಜನ, ಕ್ಯಾಮರಾಮನ್ ಮ್ಯಾಕ್ಸಿಮ್.

"ಎಲ್ಲರ ಪೆಟ್ಟಿಗೆ, ಚೀಲ ಎಲ್ಲ ಹುಡುಕಿ ಆಯ್ತು ಮೇಡಂ," ಎಂದ ನಿತ್ಯಾನಂದ. "ಪಾಪ, ಮ್ಯಾಕ್ಸಿಮ್ ತನ್ನ ಟ್ರಂಕನ್ನೇ ಮೊದಲು ತೆರೆದ. ಅವನಿಗೆ ಮದ್ರಾಸಿನ ದೊಡ್ಡ ಕಂಪೆನಿಯಿಂದ ಟ್ರಂಕ್ ಕಾಲ್ ಮೇಲೆ ಟ್ರಂಕ್ ಕಾಲ್. ಆದ್ರೂ ನಮ್ಮನ್ನು ಬಿಡ್ಲಿಲ್ಲ. ಕ್ಲೈಮ್ಯಾಕ್ಸಿಗೆ ಬೇಕು ಅಂತ ಹೇಗೋ ಒಂದು ಡಬ್ಬ ಫಿಲ್ಮ್ ಕೂಡ ಉಳಿಸಿ ಇಟ್ಟಿದ್ದಾನೆ."

ಮೂಲೆಯಲ್ಲಿ ತಂದಿಟ್ಟಿದ್ದ ಕ್ಯಾಮರಾದ ಬಳಿ ಟೇಪು ಸುತ್ತಿದ ಆ ಚಪ್ಪಟೆ ಡಬ್ಬ ಇತ್ತು. ಬೆಳಕು ತಾಗಿದರೆ ಫಿಲ್ಮ್ ಹಾಳಾಗುವುದರಿಂದ ಅದನ್ನು ಯಾರೂ ಮುಟ್ಟಿರಲಿಲ್ಲ.

ದೀಪ ಆರಿತು. ಪರದೆಯ ಮೇಲೆ ಚಿತ್ತರಂಜನ ನೆಲದಿಂದ ಚಿಮ್ಮಿ ಗೋಡೆಯ ಮೇಲೆ ನಿಂತ. ಗುಲಾಬಿ ಬಾಯಿ ಬಿಟ್ಟು ಚಪ್ಪಾಳೆ ತಟ್ಟಿದಳು. ಅವನ ಹಿಂದಿನ ಕಿಟಕಿಯಲ್ಲಿ ಕೆಂಪು ಚೀಲ. ಕಪ್ಪು ತೋಳೊಂದು ಬಂದು ಅದನ್ನು ಒಳಗೆ ಸೆಳೆದುಕೊಂಡಿತು. ಮೂಲೆಯಲ್ಲಿ ಒಂದು ಕಾಗೆ ಬಾಲ ಮುಂದೆ ಮಾಡಿ ಹಾರಿ ಬಂದು ಮರದ ಮೇಲೆ ಕೂತಿತು. ಕಾಗೆಗೂ ಶಕ್ತಿ ಬಂತಾ ಎಂದು ಗುಲಾಬಿ ಕಿಸಕ್ಕನೆ ನಕ್ಕಳು.

"ನೋಡಿದ್ರಲ್ಲ," ಎಂದ ಮ್ಯಾಕ್ಸಿಮ್. "ಮನುಷ್ಯರು ಎಂತ ಬೇಕಾದ್ರೂ ಹೇಳ್ತಾರೆ. ಫಿಲ್ಮ್ ಸುಳ್ಳು ಹೇಳುದಿಲ್ಲ."

ದೀಪ ಹತ್ತಿತು. ಕುಶಲಾ ಎದ್ದು ಪರದೆಯ ಮುಂದೆ ನಿಂತಳು. ಗುಲಾಬಿಗೆ ಆ ನಿಲುವಿನ ಅರ್ಥ ಗೊತ್ತಿತ್ತು. ಅವಳು ಕಾಸಿಂನ ಬೆನ್ನು ತಟ್ಟಿದಳು.

"ನಿತ್ಯಾನಂದರೇ, ಕಾಸಿಂನ ಶೂಟಿಂಗ್ ಈಗಲೇ ಮಾಡುವ. ಆ ಡಬ್ಬದ ಫಿಲ್ಮ್ ಹಾಕಿಸಿ."

"ಕ್ಲೈಮ್ಯಾಕ್ಸಿಗೆ ಇಟ್ಟದ್ದು ಅದು!" ಎಂದ ಮ್ಯಾಕ್ಸಿಮ್.

"ಲೆನ್ಸ್ ನಾನು ಕೊಡ್ತೇನೆ. ನೀವು ಫಿಲ್ಮ್ ಹಾಕಿ."

ಲೆನ್ಸ್ ಎಂದದ್ದೇ ತಡ, ನಿತ್ಯಾನಂದ ಎದ್ದು ನಿಂತ. "ಹಾಕು ಮಾರಾಯ, ಎಂತ ನೋಡ್ತಿ!"

ಮ್ಯಾಕ್ಸಿಮ್ ಡಬ್ಬವನ್ನೂ ಫಿಲ್ಮ್ ತುಂಬುವ ಪೆಟ್ಟಿಗೆಯನ್ನೂ ಕಪ್ಪು ಬಟ್ಟೆಯ ಚೀಲದೊಳಗಿಟ್ಟು, ಅದರ ತೋಳುಗಳಲ್ಲಿ ಮೊಣಕೈವರೆಗೆ ಕೈ ತೂರಿಸಿದ. ಬೆಳಕು ತಾಗದಂತೆ ಫಿಲ್ಮ್ ತುಂಬುವ ರೀತಿಯೇ ಅದು. ಎಲ್ಲರೂ ಕಾದರು. ಅವನ ಕೈ ಅಲುಗಲಿಲ್ಲ. ಹಣೆಯಿಂದ ಮಾತ್ರ ಬೆವರು ಇಳಿಯಿತು.

"ಅವರು ಹಾಕುದಿಲ್ಲ, ಹಾಕ್ಲಿಕ್ಕೆ ಫಿಲ್ಮೇ ಇಲ್ಲ," ಎಂದಳು ಕುಶಲಾ. "ಚಿತ್ತರಂಜನ, ನೀನು ಗೋಡೆಗೆ ಹಾರಿದ್ದಾ, ಗೋಡೆಯಿಂದ ಧುಮುಕಿದ್ದಾ?"

"ಧುಮುಕಿದ್ದು. ಕಾಲು ನೋಡಿ!"

"ಮತ್ತೆ ಪರದೆಯಲ್ಲಿ ಮೇಲೆ ಹಾರಿದ್ದು ಹೇಗೆ? ಫಿಲ್ಮನ್ನು ಕೊನೆಯಿಂದ ಶುರುವಿಗೆ ಓಡಿಸಿದ್ದರಿಂದ. ಆದರೆ ಹಿಂದೆ ಓಡಿದ್ದು ಚಿತ್ತರಂಜನ ಒಬ್ಬನೇ ಅಲ್ಲ, ಕಾಗೆಯೂ ಓಡಿತು, ಕಾಸಿಂನ ಕೈಯೂ ಓಡಿತು. ಒಳಗೆ ಎಳೆದ ಹಾಗೆ ಕಾಣುವ ಕೈ ನಿಜದಲ್ಲಿ ಹೊರಗೆ ಇಟ್ಟ ಕೈ. ಅವನು ಹೇಳಿದ್ದು ಅಕ್ಷರಶಃ ಸತ್ಯ."

ನಿತ್ಯಾನಂದ ಹಣೆ ಚಚ್ಚಿಕೊಂಡ. "ದೇವರೇ! ಆ ಟ್ರಿಕ್ ನನ್ನದೇ! ನಾನು ಹಾರುವವನನ್ನು ಬಿಟ್ಟು ಬೇರೆ ಎಂತದೂ ನೋಡ್ಲಿಲ್ಲ."

"ನೀವು ಮರೆತಿರಿ, ಸರಿ. ಆದರೆ ಫಿಲ್ಮ್ ತಿರುಗಿಸಿ ಹಾಕಿದಾಗ ಎಲ್ಲ ಹಿಂದುಮುಂದಾಗಿ ಕಾಣಲಿ ಅಂತ ಕ್ಯಾಮರಾವನ್ನು ತಲೆಕೆಳಗೆ ಕಟ್ಟಿದವರು ಮರೀತಾರಾ? ಅವರೇ 'ಫಿಲ್ಮ್ ಸುಳ್ಳು ಹೇಳುದಿಲ್ಲ' ಅಂದಾಗ ನನ್ನ ಕಿವಿ ನಿಮಿರಿತು. ಶಾಟ್ ಶುರುವಾಗುವ ಮೊದಲೇ ಚೀಲ ಇಡಲಿ ಅಂತ ಕೂಗಿದರು. ಮುಸುಕಿನ ದೆಸೆಯಿಂದ ಕಾಸಿಂ ತಡ ಮಾಡಿದ, ಕೈ ಫಿಲ್ಮಿನಲ್ಲಿ ಬಿತ್ತು. ನೀವೆಲ್ಲ ಚಿತ್ತರಂಜನನ ಹತ್ತಿರ ಓಡಿದಾಗ ಚೀಲ ಎತ್ತಿಕೊಂಡರು. ಎಲ್ಲ ಕಡೆ ಹುಡುಕಿದಿರಿ, ತೆರೆಯದೆ ಉಳಿದದ್ದು ಒಂದೇ. 'ಹೇಗೋ ಉಳಿದ' ಆ ಡಬ್ಬ. ಮ್ಯಾಕ್ಸಿಮ್, ಕೈ ಹೊರಗೆ ತೆಗೀರಿ."

ಹೊರಗೆ ಬಂದ ಕೈಯಲ್ಲಿ ಅದೇ ಕೆಂಪು ಚೀಲದಲ್ಲಿ ಸುತ್ತಿದ ಲೆನ್ಸ್ ಇತ್ತು.

"ಮದ್ರಾಸಿನವರು ಈ ವಾರವೇ ಬರ್ಲಿಕ್ಕೆ ಹೇಳಿದ್ರು," ಎಂದ ಮ್ಯಾಕ್ಸಿಮ್, ನೆಲ ನೋಡುತ್ತ. "ಬಿಟ್ಟು ಹೋಗ್ತೇನೆ ಅಂತ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ. ಶೂಟಿಂಗ್ ತಾನಾಗಿ ನಿಂತ್ರೆ ಸಾಕು ಅಂತ... ಲೆನ್ಸ್ ವಾಪಸ್ ಕೊಡುವವನೇ ಇದ್ದೆ. ಸಾರಿ ಕಾಸಿಂ."

ನಿತ್ಯಾನಂದನೂ ಕೈ ಮುಗಿದ. "ಕಂಪ್ಲೇಂಟ್ ಇಲ್ಲ ಮಾರಾಯ. ಇಲ್ಲಿಗೆ ಬಿಡುವ."

"ಇಲ್ಲಿಗೆ ಬಿಡ್ಲಿಕ್ಕೆ ಆಗುದಿಲ್ಲ," ಎಂದ ಕಾಸಿಂ. "ಬೆಳಿಗ್ಗೆ ನೀವು ತೊಕ್ಕೊಟ್ಟಿನ ನಮ್ಮ ಉಸ್ಮಾನಣ್ಣನ ಅಂಗಡಿಗೆ ಫೋನ್ ಮಾಡಿ, ಅಲ್ಲಿದ್ದ ಎಲ್ಲರ ಎದುರು ನನ್ನನ್ನು ಕಳ್ಳ ಮಾಡಿದ್ರಿ. ಎನ್‌ಕ್ವಾಯರಿಗೆ ಬರುವ ಪೊಲೀಸ್ ಮೊದಲು ಕೇಳುದು ಆ ಅಂಗಡಿಯಲ್ಲೇ."

ಕುಶಲಾ ಮ್ಯಾಕ್ಸಿಮನತ್ತ ತಿರುಗಿದಳು. "ಕೇಳಿತಲ್ಲ? ಹೊರಡಿ."

ನೇತ್ರಾವತಿ ಸೇತುವೆ ದಾಟಿ ಎಲ್ಲರೂ ತೊಕ್ಕೊಟ್ಟಿನಲ್ಲಿ ಇಳಿದಾಗ ಪೇಟೆ ಗಿಜಿಗುಡುತ್ತಿತ್ತು. ಉಸ್ಮಾನನ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮ್ಯಾಕ್ಸಿಮ್ ಗಂಟಲು ಸರಿಮಾಡಿಕೊಂಡ. "ಲೆನ್ಸ್ ಕದ್ದದ್ದು ನಾನು. ಕಾಸಿಂ ಅಲ್ಲ."

ಕಾಸಿಂ ಕೈ ಕಟ್ಟಿಕೊಂಡು, ಪೇಟೆಯ ಆಚೆ ತುದಿಗೆ ಕಣ್ಣು ಹಾಯಿಸಿದ.

"ಇನ್ನೊಮ್ಮೆ, ಜೋರಾಗಿ ಹೇಳಿ ಮ್ಯಾಕ್ಸಿಮಣ್ಣ. ಮೀನು ಮಾರುವಲ್ಲಿಗೆ ಕೇಳ್ಲಿಲ್ಲ."