ಜಾಕೆಟ್ಟಿನೊಳಗೊಂದು ತುತ್ತು

2025ರ ಏಪ್ರಿಲ್ 21, ಸೋಮವಾರ. ಬೆಳಿಗ್ಗೆ 11.40ಕ್ಕೆ ಸಿಂದಗಿ ಪೊಲೀಸ್ ಠಾಣೆಯ ಕಟ್ಟೆಯ ಮೇಲೆ ಒಬ್ಬಾತ ಸಿಮೆಂಟ್ ಚೀಲವೊಂದನ್ನು ದೊಪ್ಪನೆ ಇಳಿಸಿದ. ಚೀಲದ ತಳದಿಂದ ಇನ್ನೂ ನೀರು ಜಿನುಗುತ್ತಿತ್ತು. ತಂದವನ ಹೆಸರು ಕಲ್ಮೇಶ, ವಯಸ್ಸು ಮೂವತ್ತೆಂಟು, ಊರಲ್ಲಿ ವ್ಯಾಯಾಮಶಾಲೆ ನಡೆಸುವವನು.

"ನನ್ನ ಕೊಲ್ಲಾಕ ನೋಡ್ಯಾರ್ರಿ ಮೇಡಂ," ಎಂದ.

ಪಿಎಸ್‌ಐ ದಾನೇಶ್ವರಿ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ಮೈಮ್ಯಾಲ ಒಂದ ಗೀರೂ ಇಲ್ಲಲ್ರಿ?"

"ಮುಳುಗಿದಾಕಿ ರಾಜಶ್ರೀರಿ. ಜಾಕೆಟ್ ಮಾತ್ರ ನಂದು."

ಇಪ್ಪತ್ನಾಲ್ಕರ ಹುಡುಗಿಯೊಬ್ಬಳು ವಿಜಯಪುರದ ಆಸ್ಪತ್ರೆಯಲ್ಲಿ ಯಂತ್ರದ ಉಸಿರಿನ ಮೇಲೆ ಮಲಗಿದ್ದಾಳೆ, ಈ ಮನುಷ್ಯನ ಬಾಯಿಂದ ಮೊದಲು ಬಂದ ಮಾತು 'ನನ್ನ'. ದಾನೇಶ್ವರಿಯವರಿಗೆ ಅದು ಹಿಡಿಸಲಿಲ್ಲ. ಹಿಡಿಸದಿದ್ದರೇನು, ದೂರು ದೂರೇ. ಬರೆದುಕೊಳ್ಳುವಂತೆ ಹೆಡ್ ಕಾನ್‌ಸ್ಟೇಬಲ್ ಮಹಮ್ಮದಹನೀಫರಿಗೆ ಸನ್ನೆ ಮಾಡಿದರು.

ದೂರಿನ ಸಾರಾಂಶ ಇಷ್ಟು. ಕಲ್ಮೇಶ ಮತ್ತು ಅವನ ಗೆಳೆಯರು ಒಟ್ಟು ಎಂಟು ಮಂದಿ, ಹಿಮಾಚಲದ ಬಿಯಾಸ್ ನದಿಯಲ್ಲಿ ರಬ್ಬರ್ ದೋಣಿಯ ರಾಫ್ಟಿಂಗ್ ಮಾಡಲು ಇದೇ ಶನಿವಾರ ಸೊಲ್ಲಾಪುರದಿಂದ ರೈಲು ಹತ್ತುವವರಿದ್ದರು. ಬಯಲುಸೀಮೆಯ ಜನ, ಗುಡ್ಡದ ಹೊಳೆಯ ಸೆಳೆತ ಕಂಡವರಲ್ಲ. ಹಾಗಾಗಿ ಪ್ರತಿ ಭಾನುವಾರ ಆಲಮೇಲ ರಸ್ತೆಯಲ್ಲಿರುವ ಗೆಳೆಯ ಕಾಂತುವಿನ ಹೊಲದ ಬಾವಿಯಲ್ಲಿ ತಾಲೀಮು. ನೀರಲ್ಲಿ ತೇಲಿಸುವ ಲೈಫ್ ಜಾಕೆಟ್ ತೊಟ್ಟು ಜಿಗಿಯಬೇಕು, ಕೈಕಾಲು ಆಡಿಸದೆ ಎರಡು ನಿಮಿಷ ತೇಲಬೇಕು. ಜಾಕೆಟ್ಟಿನ ಮೇಲೆ ನಂಬಿಕೆ ಬರಲಿ ಎಂದು ಈ ಪಾಠ. ನಿನ್ನೆ ತಂಡದಲ್ಲಿದ್ದ ರಾಜಶ್ರೀಯ ಜಾಕೆಟ್ಟಿನ ಪಟ್ಟಿ ಸಡಿಲಾಗಿತ್ತು. ಕಲ್ಮೇಶ ದಂಡೆಯ ಮೇಲೆ ನಿಂತು ವಿಡಿಯೊ ಮಾಡುತ್ತಿದ್ದವನು ತನ್ನ ಒಂದನೇ ನಂಬರಿನ ಜಾಕೆಟ್ ಅವಳಿಗೆ ಕೊಟ್ಟ. ಈಜು ಬಾರದ ಹುಡುಗಿ ನಂಬಿ ಜಿಗಿದಳು. ಅರೆಗಳಿಗೆ ತೇಲಿದಳು. ಆಮೇಲೆ ಗದ್ದ, ಮೂಗು, ಹಣೆ ಒಂದೊಂದಾಗಿ ನೀರಿಗಿಳಿದವು. ಆಟ ಆಡುತ್ತಿದ್ದಾಳೆಂದು ಎಲ್ಲರೂ ನಕ್ಕರಂತೆ. ಕಾಂತು ಹಗ್ಗ ಹಿಡಿದು ಜಿಗಿದು ಮೇಲೆ ತರುವಷ್ಟರಲ್ಲಿ ಉಸಿರು ನಿಂತಿತ್ತು. ಅವನೇ ಎದೆ ಒತ್ತಿ ಒತ್ತಿ ಉಸಿರು ಹಿಡಿಸಿದ.

"ರಾಫ್ಟಿಂಗ್ ಮಾಡಸವ್ರ ಜಾಕೆಟ್ ಕೊಡ್ತಾರಲ್ಲ, ನಿಮ್ಮವು ಯಾಕ?" ದಾನೇಶ್ವರಿ ಕೇಳಿದರು.

"ಅವು ಎಷ್ಟ ಹಳೇವೋ ಏನೋರಿ. ನಮ್ಮವು ಅಂದ್ರ ನಮಗ ಖಾತ್ರಿ."

ಖಾತ್ರಿಯಂತೆ! ಹನೀಫ ಬರೆಯುವುದನ್ನು ನಿಲ್ಲಿಸಿ ಚೀಲದ ಕಡೆ ನೋಡಿದರು.

ಮಧ್ಯಾಹ್ನ 1.15ಕ್ಕೆ ಎಫ್‌ಐಆರ್ ಆಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 109, ಕೊಲೆ ಯತ್ನ. ಹುಡುಗಿ ಉಳಿಯದಿದ್ದರೆ ಕಲಂ 103, ಅಂದರೆ ಕೊಲೆ. ನಲವತ್ತೆಂಟು ತಾಸು ಏನೂ ಹೇಳಲಾಗದು ಎಂದಿದ್ದರು ಡಾಕ್ಟರು.

2.30ಕ್ಕೆ ಇಬ್ಬರು ಪಂಚರ ಎದುರು ಚೀಲದಲ್ಲಿದ್ದ ಜಾಕೆಟ್ಟಿನ ಹೊಲಿಗೆ ಬಿಚ್ಚಿದರು. ಒಳಗೆ ಸ್ಪಂಜಿನ ಹಾಳೆ ಇರಬೇಕಾದಲ್ಲಿ ಮಡಿಚಿ ಮಡಿಚಿ ತುರುಕಿದ ಹಳೆ ಬಟ್ಟೆ. ಒದ್ದೆಯಾದ ಅದರ ಭಾರ ಹನೀಫರ ಕೈಯನ್ನು ಜಗ್ಗಿತು. ಪಂಚನಾಮೆಯಲ್ಲಿ ಹೀಗೆ ಬರೆದರು: ನೀಲಿ ಗೀಟಿನ ಗಂಡಸರ ಅಂಗಿಯ ತುಂಡುಗಳು, ಕಾಲರ್ ಸಹಿತ, ಕೈಹೊಲಿಗೆ, ಕರಿ ನೂಲು, ಎಡ ಮೂಲೆಯಲ್ಲಿ ಹೆಬ್ಬೆರಳಿನಷ್ಟು ಕಂದು ಬಣ್ಣದ ಮೆತ್ತನೆಯ ಪದಾರ್ಥ.

"ಇಲಿ ತಂದಿಟ್ಟಿರಬೇಕ್ರಿ," ಎಂದರು ಹನೀಫ.

"ಹೊಲಿದು ಮುಚ್ಚಿದ್ದರಾಗ ಇಲಿ ಹ್ಯಾಂಗ ಹೊಕ್ಕಿತು? ಡಬ್ಬ್ಯಾಗ ಹಾಕಿ ಸೀಲ್ ಮಾಡ್ರಿ."

ಉಳಿದ ಏಳು ಜಾಕೆಟ್ ತರಿಸಿ ನೋಡಿದರು. ಏಳರಲ್ಲೂ ಸ್ಪಂಜು ಸರಿಯಾಗಿತ್ತು. ಗುರಿ ಒಂದನೇ ನಂಬರು ಎಂಬುದು ಖಚಿತ. ಆದರೆ ಒಂದನೇ ನಂಬರಿನವನೇ ಅದನ್ನು ಬಿಚ್ಚಿ ಬೇರೆಯವಳಿಗೆ ತೊಡಿಸಿದ್ದಾನೆ, ತಾನು ದಂಡೆಯ ಮೇಲೆ ಒಣಗಿ ನಿಂತಿದ್ದಾನೆ. ದಾನೇಶ್ವರಿ ತಮ್ಮ ಪಟ್ಟಿಯಲ್ಲಿ ಕಲ್ಮೇಶನ ಹೆಸರನ್ನೇ ಮೊದಲು ಬರೆದರು.

ಪ್ರವಾಸದ ತಯಾರಿಯ ನೋಟ್‌ಬುಕ್ಕನ್ನೂ ಜಪ್ತಿ ಮಾಡಿದರು. ದಾನೇಶ್ವರಿ ಕೂತು ಓದಿದರು. ಯಾವ ದಿನ ಎಲ್ಲಿ ವಸತಿ, ಬರ್ಫದ ನೀರಿಗೆ ಎಂಥ ಬಟ್ಟೆ, ಯಾರು ಎಡಕ್ಕೆ ಯಾರು ಬಲಕ್ಕೆ ಹುಟ್ಟು ಹಾಕಬೇಕು, ಎಲ್ಲ ಇತ್ತು. 'ನೀರಿಗೆ ಬಿದ್ದರೆ ಎದ್ದು ನಿಲ್ಲಲು ಹೋಗಬಾರದು. ಕಾಲು ಮುಂದೆ ಚಾಚಿ, ಮುಗಿಲು ನೋಡುತ್ತ ಹೋಗಬೇಕು. ಹೊಳೆ ತಾನೇ ದಂಡೆಗೆ ಮುಟ್ಟಿಸುತ್ತದೆ' ಎಂದು ದುಂಡನೆಯ ಅಕ್ಷರದಲ್ಲಿತ್ತು. ಹನ್ನೆರಡು ಪುಟ ಆ ಕೈಬರಹ, ಮುಂದಿನದೆಲ್ಲ ಕಲ್ಮೇಶನ ಗೀಚು. ಮೊದಲ ಪುಟವನ್ನು ಯಾರೋ ಬ್ಲೇಡಿನಿಂದ ಕೊಯ್ದಿದ್ದರು.

"ಇದು ಯಾರ ಅಕ್ಷರ?"

"ಹಳೇ ಮೆಂಬರ್ ಒಬ್ಬಾಂವರಿ. ಈಗ ಇಲ್ಲ," ಎಂದ ಕಲ್ಮೇಶ. ಇಲ್ಲ ಎಂದರೆ ಊರಲ್ಲಿ ಇಲ್ಲವೋ, ಭೂಮಿಯ ಮೇಲೇ ಇಲ್ಲವೋ, ಅವನು ಬಿಡಿಸಿ ಹೇಳಲಿಲ್ಲ.

ಸಂಜೆ 5ಕ್ಕೆ ಕಲ್ಮೇಶನ ಮನೆ. ಹೆಂಡತಿ ರಾಜೇಶ್ವರಿ ಈ ಪ್ರವಾಸಕ್ಕೆ ಬದ್ಧ ವಿರೋಧಿ ಎಂದು ಓಣಿಯಲ್ಲಿ ವಿಚಾರಿಸಿದಾಗ ಎಲ್ಲರೂ ಹೇಳಿದ್ದರು.

"ನನ್ನ ಹೆಣಾ ದಾಟಿ ಹೋಗ್ರಿ ಅಂದಿದ್ರಂತ?"

"ಅಂದೀನ್ರಿ. ಇನ್ನೂ ಅಂತೀನಿ. ಹಂಗಂತ ಗಂಡನ್ನ ಮುಳುಗಸ್ತೀನೇನ್ರಿ? ನಿಮಗರ ತಿಳೀಬಾರದ?"

"ಜಾಕೆಟ್ ಎಲ್ಲಿರ್ತಿದ್ದುವು?"

"ಪಡಸಾಲ್ಯಾಗ, ಗೂಟಕ್ಕ. ಐದನೇ ತಾರೀಕಿಗೆ ನಂಬರ್ ಹಚ್ಚಾಕ ಅಬ್ದುಲರಜಾಕ ಟೇಲರಗ ನಾನ ಕೊಟ್ಟು ಬಂದೆ. ಹನ್ನೆರಡಕ್ಕ ಬಂದುವು. ಅವತ್ತಿಂದ ನಿನ್ನಿತನಕ ಯಾರೂ ಮುಟ್ಟಿಲ್ಲ."

"ನಿನ್ನಿಗಿಂತ ಹಿಂದಿನ ವಾರ ತಾಲೀಮ ಇರಲಿಲ್ಲೇನು?"

"ಇತ್ರಿ. ಹದಿಮೂರಕ್ಕ ಬರೇ ಹುಟ್ಟು ಹಾಕೂದು ಕಲಿಸಿದ್ರಂತ, ನೀರಿಗಿಳಿದಿಲ್ಲ." ಬಾಗಿಲವರೆಗೆ ಬಂದವಳು ದನಿ ತಗ್ಗಿಸಿದಳು. "ಮೇಡಂ, ಈ ಹೊಳೀ ಹುಚ್ಚು ಒಬ್ಬನ್ನ ನುಂಗೇತಿ. ನನ್ನ ಗಂಡ ಬಾಯಿ ಬಿಡಂಗಿಲ್ಲ. ನೀವ ಕೇಳ್ರಿ."

22ನೇ ತಾರೀಕು, ಮಂಗಳವಾರ. ಬೆಳಿಗ್ಗೆ 10.20. ಬಸ್ ಸ್ಟ್ಯಾಂಡಿನ ಹಿಂದಿನ ಟೇಲರ್ ಅಂಗಡಿ. ಅಬ್ದುಲರಜಾಕನಿಗೆ ಅರವತ್ತು ದಾಟಿತ್ತು. ಪೊಲೀಸರನ್ನು ಕಂಡದ್ದೇ ತಡ, ಕೇಳುವ ಮೊದಲೇ ಉತ್ತರ ಬಂತು. "ನಾನ ಹೊಲಿದೀನ್ರಿ, ಎಂಟೂ ನಾನ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ, ಹಾಗಾಯಿತು.

"ಮಷಿನ್ ಹೊಲಿಗೀನೋ, ಕೈಹೊಲಿಗೀನೋ ಚಾಚಾ?"

"ಮಷಿನ್... ಅಲ್ಲರಿ, ಕೈ. ದಪ್ಪ ಸ್ಪಂಜಿನ್ಯಾಗ ಮಷಿನ್ ಸೂಜಿ ಮುರೀತದ."

"ನಿಮ್ಮ ಕೈ ನಡಗ್ತಾವಲ್ಲ. ಜಾಕೆಟ್ ಮ್ಯಾಲ ಅಕ್ಕಿಕಾಳಿನಂಥ ಹೊಲಿಗಿ ಐತಿ."

ಮುದುಕ ತಲೆ ತಗ್ಗಿಸಿದ. ದಾನೇಶ್ವರಿಗೆ ಕೂರಲು ಅವನು ಮೂಲೆಯ ಕೌದಿಗಳ ಒಟ್ಟನ್ನು ತೋರಿಸಿದ್ದ. ಹಳೆ ಸೀರೆ, ಅಂಗಿಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಗಳು, ಮಾರಲು ಇಟ್ಟದ್ದು. ಕೂತವರು ಏಳುವಾಗ ಮೇಲಿನ ಕೌದಿಯ ಅಂಚು ಹಿಡಿದರು. ಮೂಲೆಯಲ್ಲಿ ಏನೋ ಗಟ್ಟಿಯಾಗಿ ಬೆರಳಿಗೆ ಸಿಕ್ಕಿತು. ಹಿಚುಕಿದರು. ಎರಡನೆಯದರ ಮೂಲೆ ಹಿಚುಕಿದರು. ಅಲ್ಲೂ ಇತ್ತು.

"ಇದೇನ್ರಿ ಒಳಗ?"

"ಅದು ಕೌದಿ ತುತ್ತರಿ," ರಜಾಕ ಅಭ್ಯಾಸಬಲದಿಂದ ಹೇಳುತ್ತ ಹೋದ. "ಕೌದಿ ಹೊಟ್ಟಿ ಖಾಲಿ ಬಿಡಬಾರದಂತ. ಕಡೀ ಮೂಲಿ ಮುಚ್ಚೂ ಮುಂದ ಒಂದ ಚೂರು ರೊಟ್ಟಿ, ಬೆಲ್ಲ ಇಟ್ಟು ಹೊಲೀತಾರ. ಹೊದ್ದವರೂ ಹಸದ ಮಲಗಬಾರದಂತ..." ಅಲ್ಲಿಗೆ ಅವನ ಮಾತು ನಿಂತಿತು. ದಾನೇಶ್ವರಿಯವರ ಮುಖ ನೋಡಿದ, ಹನೀಫರ ಮುಖ ನೋಡಿದ. "ಯಾ ಅಲ್ಲಾ," ಎಂದು ಮಷಿನ್ನಿನ ಮೇಲೆ ಕೈಯೂರಿದ.

"ಜಾಕೆಟ್ ಯಾರ ಕೈಗೆ ಕೊಟ್ಟಿದ್ರಿ?"

"ಚಂದವ್ವಗರಿ. ಆಲಮೇಲದಾಕಿ. ಇದ್ದೊಬ್ಬ ಮಗನ್ನ ಕಳಕೊಂಡಾಕಿ, ಅಕಿನ್ನ ನಿಮ್ಮ ಮುಂದ ಯಾಕ ನಿಲ್ಲಸಲಿ ಅಂತ ಸುಳ್ಳ ಹೇಳಿದೆ. ಒಂದನೇ ನಂಬರ ಚಂದಾಗಿ ಹಚ್ಚವ್ವ, ಅದು ಕಲ್ಮೇಶಂದು ಅಂತ ನಾನ ಹೇಳಿದ್ನಿ. ನಾನ!"

ಮಗನ ಹೆಸರು ಸೋಮನಿಂಗ. ಮೊಬೈಲ್ ರಿಪೇರಿ ಮಾಡುತ್ತಿದ್ದವನು. 2023ರ ಆಗಸ್ಟಿನಲ್ಲಿ, ಭೀಮಾ ತುಂಬಿ ಹರಿಯುತ್ತಿದ್ದಾಗ, ಕಲ್ಮೇಶನ ತಂಡದ ರಬ್ಬರ್ ದೋಣಿಯಿಂದ ಬಿದ್ದು ಸತ್ತಿದ್ದ. ನೋಟ್‌ಬುಕ್ಕಿನ ದುಂಡನೆಯ ಅಕ್ಷರ ಅವನದೇ ಎಂದು ಕಾಂತು ಗುರುತಿಸಿದ. ಕೊಯ್ದ ಮೊದಲ ಪುಟದಲ್ಲಿ ಏನಿತ್ತೆಂದೂ ಹೇಳಿದ: "'ಯೋಜನೆ: ಸೋಮನಿಂಗ' ಅಂತ ಇತ್ರಿ. ಗುಡ್ಡದ ಹೊಳೀಗೆ ಹೋಗೂದು ಅವನ ಕನಸು. ನಾವೆಲ್ಲ ಹಿಂದಿನಿಂದ ಸೇರಿದವ್ರು."

ಹಳೆಯ ಅಸಹಜ ಸಾವಿನ ಕಡತವನ್ನು ದಾನೇಶ್ವರಿ ತರಿಸಿದರು. ಸಂಜೆ 4ಕ್ಕೆ ಅದು ಮೇಜಿನ ಮೇಲಿತ್ತು. ಹನೀಫ ಅದನ್ನು ತಂದಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತರು. ನಾಲ್ಕೇ ಹಾಳೆ. 'ಮೃತನು ಬೇಡವೆಂದರೂ ಕೇಳದೆ ಜಾಕೆಟ್ ಬಿಚ್ಚಿ ಒಗೆದನು' ಎಂಬುದು ಕಲ್ಮೇಶನ ಹೇಳಿಕೆ. ಪಂಚನಾಮೆಯ ಪ್ರಕಾರ ದೋಣಿಯಲ್ಲಿ ಇದ್ದವರು ಒಂಬತ್ತು; ಬದುಕಿದ ಎಂಟು ಮಂದಿಯ ಮೈಮೇಲಿನ ಜಾಕೆಟ್‌ಗಳು ಎಂಟು; ತಂಡದ ಒಟ್ಟು ಜಾಕೆಟ್‌ಗಳು ಎಂಟು.

ಕಲ್ಮೇಶನನ್ನು ಕರೆಸಿದರು.

"ಎಂಟ ಜಾಕೆಟ್, ಒಂಬತ್ತ ಮಂದಿ. ಸೋಮನಿಂಗ ಬಿಚ್ಚಿ ಒಗದದ್ದು ಯಾವ ಜಾಕೆಟ್?"

"ಅಂವಗ ಈಜ ಬರ್ತಿತ್ರಿ," ಎಂದ ಕಲ್ಮೇಶ. "ನೀ ಹಂಗ ಬಾ ಅಂದೆ."

23ನೇ ತಾರೀಕು, ಬುಧವಾರ. ಮಹಿಳಾ ಪೇದೆಯೊಬ್ಬರನ್ನು ಕರೆದುಕೊಂಡು ದಾನೇಶ್ವರಿ ಮತ್ತು ಹನೀಫ ಆಲಮೇಲಕ್ಕೆ ಹೊರಟಾಗ ಬಿಸಿಲು ಏರಿತ್ತು. ಚಂದವ್ವ ಹೊಸ್ತಿಲ ಮೇಲೆಯೇ ಕೂತಿದ್ದಳು. ಐವತ್ತೈದರ ಸಣಕಲು ಹೆಂಗಸು. ಪಕ್ಕದಲ್ಲಿ ಬಟ್ಟೆಯ ಗಂಟು ಕಟ್ಟಿಟ್ಟಿತ್ತು. ಓಡಿಹೋಗಲು ಕಟ್ಟಿದ ಗಂಟಲ್ಲ ಅದು.

"ಬರ್ರಿ. ಸ್ವಾಮಾರ ದಿನದಿಂದ ಹಾದಿ ನೋಡಾಕತ್ತೇನಿ," ಎಂದಳು. "ಆ ಹುಡಿಗಿ ಹ್ಯಾಂಗದಾಳ್ರಿ?"

"ಇನ್ನೂ ಕಣ್ಣು ತೆರದಿಲ್ಲ," ಎಂದರು ದಾನೇಶ್ವರಿ.

ಚಂದವ್ವ ಎರಡೂ ಕೈಯಿಂದ ತಲೆ ತಲೆ ಬಡಿದುಕೊಂಡಳು. "ಯಾರ ಹೆತ್ತ ಮಗಳೋ ಯವ್ವಾ! ಅವಗಂತ ಹೊಲಿದ್ರ ಅಕಿ ತೊಟ್ಟಳಲ್ಲೋ!"

ಪೇದೆ ಅವಳ ಕೈ ಹಿಡಿದು ನೀರು ಕುಡಿಸಿದರು. ಆಮೇಲೆ ಚಂದವ್ವ ಒಂದೂ ಮುಚ್ಚಿಡದೆ ಹೇಳಿದಳು. "ಚಾಚಾ ಎಂಟ ಜಾಕೆಟ್ ತಂದು ಹಾಕಿದ್ರು. ನಾ ಎಣಿಸಿದ್ನಿ. ಎಂಟ. ಅವತ್ತೂ ಎಂಟ ಇದ್ವಲ್ಲ, ನನ್ನ ಮಗಗ ಒಂದು ಸಿಗಲಿಲ್ಲಲ್ಲ ಅಂತ ಹೊಟ್ಟ್ಯಾಗ ಬೆಂಕಿ ಬಿತ್ತು. ಒಂದನೇದರ ಸ್ಪಂಜು ತಗದು ಒಲಿಗೆ ಹಾಕಿದೆ. ಸೋಮನಿಂಗನ ಅಂಗಿ ತುಂಬಿದೆ. ನನ್ನ ಮಗಗ ತೊಡಸಲಿಲ್ಲ, ನನ್ನ ಮಗನ ಅಂಗೀನರ ನೀ ತೊಡು ಅಂತ."

"ಕೊಲ್ಲಾಕ ಹೊಲಿದದ್ರಾಗ ತುತ್ತ ಯಾಕ ಇಟ್ಟಿ ಯವ್ವಾ?"

ಆಕೆ ತನ್ನ ಬೆರಳುಗಳನ್ನೇ ನೋಡಿಕೊಂಡಳು. "ಕೈ ಕೇಳಲಿಲ್ರಿ. ನಲವತ್ತ ವರ್ಷ ಹೊಲಿದೀನಿ, ಒಂದನ್ನೂ ಹಸದ ಬಿಟ್ಟಿಲ್ಲ. ಮ್ಯಾಲ ಅದು ನನ್ನ ಮಗನ ಅಂಗಿ ಅಲ್ಲೇನ್ರಿ?"

ಕಲ್ಮೇಶನ ಸುಳ್ಳನ್ನು ಅವತ್ತೇ ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಬೇಕಿತ್ತು, ದಾನೇಶ್ವರಿ ಕೇಳಿದರು.

"ಹೇಳಿದ್ನಲ್ರಿ!" ಚಂದವ್ವ ತಲೆಯೆತ್ತಿ ಹನೀಫರ ಕಡೆ ಬೆರಳು ತೋರಿಸಿದಳು. "ಈ ಸಾಹೇಬ್ರಿಗೇ ಹೇಳೀನಿ. ಹೊಳೀ ದಂಡ್ಯಾಗ. ಜಾಕೆಟ್ ಕಡಿಮಿ ಇದ್ವಂತ್ರಿ, ಮಗಾ ಮನಿ ಬಿಡೂ ಮುಂದ ಹೇಳಿ ಹೋಗ್ಯಾನ್ರಿ ಅಂದೆ. ಆಗಲಿ ಅವ್ವಾ, ಇಲ್ಲಿ ಹೆಬ್ಬಟ್ಟು ಒತ್ತು ಅಂದ್ರು. ಒತ್ತಿದೆ."

2023ರಲ್ಲಿ ಹನೀಫ ಬೇರೆ ಠಾಣೆಯಲ್ಲಿದ್ದರು, ಹಳೆಯ ಕಡತದ ಆ ನಾಲ್ಕು ಹಾಳೆ ಅವರ ಕೈಬರಹದಲ್ಲೇ ಇದ್ದವು.

ಮಧ್ಯಾಹ್ನ 2.10ಕ್ಕೆ ದಸ್ತಗಿರಿ. ಒಲೆಯ ಬೂದಿಯಲ್ಲಿ ಸಿಕ್ಕ ಕರಗಿದ ಸ್ಪಂಜು, ದಬ್ಬಣ, ಕರಿ ನೂಲಿನ ಉಂಡೆ ಜಪ್ತಿಯಾದವು. ಸಂಜೆ ಆರರ ಸುಮಾರಿಗೆ ವಿಜಯಪುರದಿಂದ ಕಾಂತುವಿನ ಫೋನು ಬಂತು. ರಾಜಶ್ರೀ ಕಣ್ಣು ತೆರೆದಿದ್ದಳು, ಉಸಿರಿನ ಯಂತ್ರ ತೆಗೆದ ಮೇಲೆ ಅವ್ವನ ಹೆಸರು ಹೇಳಿದ್ದಳು. ಲಾಕಪ್ಪಿನ ಸರಳಿನ ಹತ್ತಿರ ಹೋಗಿ ದಾನೇಶ್ವರಿ ಅದನ್ನು ಹೇಳಿದರು. ಚಂದವ್ವ ನೆಲಕ್ಕೆ ಹಣೆ ಹಚ್ಚಿ ಅತ್ತಳು. ಆಮೇಲೆ, ಸೋಮವಾರದಿಂದ ತುತ್ತು ಮುಟ್ಟದಿದ್ದವಳು ಊಟದ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

ಹನೀಫ ಕೇಸ್ ಡೈರಿ ಬರೆಯಲು ಕೂತರು. ದಾನೇಶ್ವರಿ ಹೇಳುತ್ತ ಹೋದರು, ಅವರು ಬರೆಯುತ್ತ ಹೋದರು. ಕೃತ್ಯಕ್ಕೆ ಕಾರಣ ಎಂಬಲ್ಲಿಗೆ ಬಂದಾಗ ದಾನೇಶ್ವರಿ "ಹಳೇ ದ್ವೇಷ" ಎಂದರು.

ಹನೀಫರ ಪೆನ್ನು ಅಲುಗಲಿಲ್ಲ. "ಅದಲ್ರಿ ಮೇಡಂ."

"ಮತ್ತೇನು?"

ಅವರು ಬರೆದರು. ಬರೆದದ್ದನ್ನು ತಿರುಗಿಸಿ ಮೇಜಿನ ಆಚೆಗೆ ಸರಿಸಿದರು. 'ಮಗನಿಗೆ ಜಾಕೆಟ್ ಕೊಟ್ಟಿರಲಿಲ್ಲವೆಂದು ಆರೋಪಿ 2023ರಲ್ಲಿಯೇ ಪೊಲೀಸರಿಗೆ ತಿಳಿಸಿದ್ದು, ಸದರಿ ಮಾತನ್ನು ದಾಖಲಿಸಿಕೊಂಡಿರುವುದಿಲ್ಲ.'

"ಯಾರು ದಾಖಲಿಸಿಲ್ಲ ಅಂತ ಬ್ಯಾಡೇನು?" ದಾನೇಶ್ವರಿ ಮೆಲ್ಲಗೆ ಕೇಳಿದರು.

"ಅದನ್ನ ನನ್ನ ಹೇಳಿಕಿಯಾಗ ಬರಕೋರಿ. ಕಲ್ಮೇಶನ ಮ್ಯಾಲ ಹಳೇ ಕೇಸ್ ತೆಗೀಬೇಕಂದ್ರ ಒಬ್ಬ ಸಾಕ್ಷಿದಾರ ಬೇಕಲ್ರಿ." ಹನೀಫ ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟರು, ಎದ್ದು ಬಂದು ದೂರುದಾರರು ಕೂರುವ ಬೆಂಚಿನ ಮೇಲೆ ಕೂತರು. "ಮಳಿ ಬರಾಕತ್ತಿತ್ರಿ. ಮನಿಗೆ ಲಗೂ ಹೋಗಬೇಕಿತ್ತು. ಇಷ್ಟ."

ದಾನೇಶ್ವರಿ ಹೊಸ ಹಾಳೆಯೊಂದನ್ನು ತೆಗೆದುಕೊಂಡು ಮೇಲ್ಗಡೆ ತಾರೀಕು ಹಾಕಿದರು. ಸಮಯ 7.05 ಎಂದು ಬರೆದು, "ಹೇಳ್ರಿ," ಎಂದರು.