ಕ್ಲಚ್ ಹಿಡಿದ ಕೈ

ಅವನು ಅಂಗಡಿಗೆ ಬಂದದ್ದೇ ಜಗಳಕ್ಕೆ. ಖಾಲಿ ಡಬ್ಬಿಯೊಂದನ್ನು ಕೌಂಟರ್ ಮೇಲಿಟ್ಟು, "ನೀವು ಕೊಟ್ಟ ಕ್ಲಚ್ ಪ್ಲೇಟ್ ಡೂಪ್ಲಿಕೇಟು" ಎಂದ.

ಮೋಟಾರ್‌ಸೈಕಲ್ ಬಿಡಿಭಾಗಗಳ ಆ ಅಂಗಡಿಯನ್ನು ಅವಳು ಹನ್ನೊಂದು ವರ್ಷದಿಂದ ನಡೆಸುತ್ತಿದ್ದಳು. ಮೆಕ್ಯಾನಿಕ್ ಆಗಿದ್ದ ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಹಿಂದಿನ ವರ್ಕ್‌ಶಾಪಿಗೆ ಬೀಗ ಬಿದ್ದಿತ್ತು, ಮುಂದಿನ ಕೌಂಟರ್ ಅವಳ ಪಾಲಿಗೆ ಬಂದಿತ್ತು. ಬೈದುಕೊಂಡು ಬರುವ ಗಿರಾಕಿಗಳು ಅವಳಿಗೆ ಹೊಸಬರಲ್ಲ.

"ಯಾರು ಹಾಕಿದ್ದು?"

"ನಾನೇ. ಮನೇಲಿ. ವಿಡಿಯೋ ನೋಡ್ಕೊಂಡು."

"ಆಯಿಲಲ್ಲಿ ನೆನೆಸಿ ಹಾಕಿದ್ರಾ?"

ಅವನು ಡಬ್ಬಿಯನ್ನೇ ನೋಡಿದ. "ನೆನೆಸಬೇಕಿತ್ತಾ?"

"ಕಡಲೆಕಾಳನ್ನೂ ನೆನೆಸದೆ ಹಾಕಲ್ಲ, ಸಾರ್."

ತಡೆಯಲಾರದೆ ಅವನು ನಕ್ಕುಬಿಟ್ಟ. ನಕ್ಕಾಗ ಅವನ ಕಣ್ಣುಗಳು ಪೂರ್ತಿ ಮುಚ್ಚಿಹೋಗುತ್ತಿದ್ದವು. ಅಷ್ಟು ಹೊತ್ತು ಆ ಮುಖವನ್ನು ತಾನು ನೋಡುತ್ತಿದ್ದುದು ಅವನಿಗೆ ತಿಳಿಯಲಿಲ್ಲವೆಂದು ಅವಳಿಗೆ ಸಮಾಧಾನವಾಯಿತು.

ಆಮೇಲೆ ಅವನು ಎಲ್ಲವನ್ನೂ ವಿವರವಾಗಿ ಹೇಳಿದ. ಕ್ಲಚ್ ಹಿಡಿದು ಗೇರ್ ಹಾಕಿದರೆ ಗಾಡಿ ಮುಂದಕ್ಕೆ ಎಗರುತ್ತದೆ. ನಿಂತಲ್ಲಿ ನ್ಯೂಟ್ರಲ್ ಸಿಗುವುದಿಲ್ಲ. ಎರಡು ತಿಂಗಳಿಂದ ಹೀಗೇ. ಹೊಸ ಪ್ಲೇಟ್ ಹಾಕಿದ ಮೇಲೂ ಹೀಗೇ. ಸಿಗ್ನಲ್ಲಿನಲ್ಲಿ ಒಮ್ಮೆ ಮುಂದಿನ ಕಾರಿಗೆ ಮುತ್ತಿಟ್ಟೂ ಆಗಿತ್ತು. ಗಾಡಿ ಇಲ್ಲದೆ ಅವನ ಕೆಲಸ ನಡೆಯದು. ಲ್ಯಾಬ್‌ನವನು ಅವನು; ಹಾಸಿಗೆ ಹಿಡಿದವರ ಮನೆಗಳಿಗೆ ಬೆಳಿಗ್ಗೆ ಹೋಗಿ ರಕ್ತ ತೆಗೆದುಕೊಂಡು ಬರಬೇಕು. ಅಜ್ಜಿಯರೆಲ್ಲ ಅವನನ್ನು ಸೊಳ್ಳೆ ಎನ್ನುತ್ತಿದ್ದರಂತೆ. "ನೀವೂ ಹಾಗೇ ಕರೀಬಹುದು" ಎಂದ.

ಭಾನುವಾರ ಮಧ್ಯಾಹ್ನ ಅವಳು ವರ್ಕ್‌ಶಾಪಿನ ಬೀಗ ತೆಗೆದಳು. ಇಬ್ಬರೂ ನೆಲದ ಮೇಲೆ ಕೂತು ಕ್ಲಚ್ ಕವರ್ ಬಿಚ್ಚಿದರು. ಸ್ಟೂಲ್ ಮೇಲೆ ಕೂತಿದ್ದ ಅಪ್ಪ ಸದ್ದಿನಲ್ಲೇ ಎಲ್ಲ ತಿಳಿದುಕೊಂಡು, ಸ್ಟೀಲ್ ಪ್ಲೇಟುಗಳನ್ನು ಗಾಜಿನ ಮೇಲಿಟ್ಟು ನೋಡಲು ಹೇಳಿದ. ಯಾವುದೂ ಸೊಟ್ಟಗಾಗಿರಲಿಲ್ಲ. ಒಣಗಿದ್ದ ಪ್ಲೇಟುಗಳನ್ನು ಅವಳು ಆಯಿಲ್ ಬೋಗುಣಿಯಲ್ಲಿ ಒಂದೊಂದಾಗಿ ಮುಳುಗಿಸಿದಳು. ಅವನ ನೋಟ ಬೋಗುಣಿಯಲ್ಲಿ ಇರಲಿಲ್ಲ; ಅವಳ ಮೊಣಕೈವರೆಗೂ ಬಂದು ಅಲ್ಲೇ ನಿಂತಿತ್ತು.

"ನರ ಚೆನ್ನಾಗಿ ಕಾಣ್ತಿದೆ" ಎಂದ.

"ಹೆಣ್ಣುಮಕ್ಕಳ ಹತ್ರ ಹೀಗೇನಾ ಮಾತಾಡೋದು ನೀವು?"

"ನಮ್ಮಲ್ಲಿ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ."

ಮರುದಿನ ಎಲ್ಲವನ್ನೂ ಜೋಡಿಸಿ ಅವಳೇ ಓಡಿಸಿ ನೋಡಿದಳು. ಗೇರ್ ಬೆಣ್ಣೆಯ ಹಾಗೆ ಬಿತ್ತು. ಅವನು ಹತ್ತಿದ, ಗಾಡಿ ಎಗರಿ ನೀರಿನ ಡ್ರಮ್ಮಿಗೆ ಗುದ್ದಿತು. ಕೇಬಲ್ ಬಿಗಿ ಮಾಡಿದಳು. ಎರಡು ದಿನ ಬಿಟ್ಟು ಬಂದು ಮತ್ತದೇ ದೂರು ಹೇಳಿದ. ಹೊಸ ಕೇಬಲ್ ಹಾಕಿದಳು. ಮತ್ತೆ ಬಂದ. ಪ್ರತಿ ಸಲವೂ ಅವಳ ಕೈಗೆ ಸರಿಯಿದ್ದ ಕ್ಲಚ್ ಅವನ ಕೈಗೆ ಕೆಡುತ್ತಿತ್ತು.

ಇದು ನೆಪ ಎಂದು ಅವಳು ನಂಬಿದಳು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಯಾರೋ ತನ್ನನ್ನು ನೋಡಲು ಸುಳ್ಳು ರಿಪೇರಿ ಹುಟ್ಟಿಸಿಕೊಂಡು ಬರುತ್ತಿದ್ದಾನೆಂಬ ಖುಷಿ ಅವಳನ್ನು ಕನ್ನಡಿ ಮುಂದೆ ಎರಡು ನಿಮಿಷ ಹೆಚ್ಚು ನಿಲ್ಲಿಸುತ್ತಿತ್ತು. ಮೂರು ವಾರ ಆ ಖುಷಿಯಲ್ಲೇ ಕಳೆದವು.

ನಾಲ್ಕನೆಯ ವಾರ, ಅವನ ಸುಳ್ಳನ್ನು ಹಿಡಿದು ರೇಗಿಸಬೇಕೆಂದೇ, ಗಾಡಿಯ ಮೇಲೆ ಕೂರಿಸಿ ತಾನು ಹ್ಯಾಂಡಲ್ ಪಕ್ಕ ನಿಂತಳು.

"ಕ್ಲಚ್ ಪೂರ್ತಿ ಹಿಡೀರಿ."

"ಹಿಡಿದಿದೀನಿ."

"ಪೂರ್ತಿ."

"ಪೂರ್ತಿನೇ ಹಿಡಿದಿದೀನಿ."

ಲಿವರ್ ಇನ್ನೂ ಅರ್ಧ ದಾರಿಯಲ್ಲಿತ್ತು. ಅವನ ಹಣೆಯಲ್ಲಿ ಬೆವರು ಮೂಡಿತ್ತು. ಅವನು ಸುಳ್ಳಾಡುತ್ತಿರಲಿಲ್ಲ.

ಅವಳು ಆ ಎಡಗೈಯನ್ನು ಲಿವರಿನಿಂದ ಬಿಡಿಸಿ ಹಿಡಿದುಕೊಂಡಳು. ಅವನನ್ನು ಮುಟ್ಟಿದ್ದು ಅದೇ ಮೊದಲು. ಹೆಬ್ಬೆರಳು ತೋರುಬೆರಳಿನ ನಡುವೆ ಮಾಂಸ ಇರಬೇಕಾದ ಕಡೆ ಗುಳಿ ಬಿದ್ದಿತ್ತು. ಚರ್ಮದ ಅಡಿಯಲ್ಲಿ ಏನೋ ಸಣ್ಣಗೆ ಮಿಡುಕುತ್ತಿತ್ತು. ದಿನಕ್ಕೆ ಇಪ್ಪತ್ತು ಜನರ ಕೈ ನೋಡುವವನು ತನ್ನ ಕೈಯನ್ನು ನೋಡಿಕೊಂಡಿರಲಿಲ್ಲ.

"ಗಾಡಿಯಲ್ಲಿ ಏನೂ ತೊಂದರೆ ಇಲ್ಲ" ಎಂದಳು. "ಕೈ ಡಾಕ್ಟರಿಗೆ ತೋರಿಸಿ."

ಅವನು ಕೈ ಎಳೆದುಕೊಂಡು, ಥ್ಯಾಂಕ್ಸ್ ಎಂದಷ್ಟೇ ಹೇಳಿ ಗಾಡಿಯನ್ನು ತಳ್ಳಿಕೊಂಡು ಹೋದ.

ಎರಡು ತಿಂಗಳು ಅವನ ಸುಳಿವಿಲ್ಲ. ಫೋನ್ ಎತ್ತಲಿಲ್ಲ. ಕೊನೆಗೆ ಸ್ಪಾರ್ಕ್ ಪ್ಲಗ್ ಕೊಳ್ಳಲು ಬಂದ ಲ್ಯಾಬಿನ ಗೆಳೆಯನೊಬ್ಬ ಸುದ್ದಿ ಹೇಳಿದ. ನರಗಳು ಒಂದೊಂದಾಗಿ ಸಾಯುವ ಕಾಯಿಲೆಯಂತೆ, ಮದ್ದಿಲ್ಲವಂತೆ. ಕೆಲಸ ಬಿಟ್ಟಿದ್ದನಂತೆ. ಅವಳು ಆ ದಿನ ಅಂಗಡಿಯ ಶಟರ್ ಅರ್ಧಕ್ಕೇ ಎಳೆದು ವಿಳಾಸ ಹಿಡಿದು ಹೊರಟಳು.

ಬಾಗಿಲಿಗೆ ಚಿಲಕ ಹಾಕಿರಲಿಲ್ಲ; ಬಲಗೈ ಬೆರಳುಗಳೂ ಸೋಲತೊಡಗಿ, ಚಿಲಕ ಹಾಕಲು ಅವನಿಗೆ ಆಗುತ್ತಿರಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ. ಶರ್ಟಿನ ಗುಂಡಿಗಳು ತೆರೆದೇ ಇದ್ದವು. ಅವಳನ್ನು ಕಂಡು ಮುಚ್ಚಿಕೊಳ್ಳಲು ನೋಡಿ, ಸೋತು, ಕೈಬಿಟ್ಟ.

"ನೀನು ಹೇಳದೇ ಇದ್ದಿದ್ರೆ ಇನ್ನಾರು ತಿಂಗಳು ಆರಾಮಾಗಿ ಕ್ಲಚ್ಚನ್ನೇ ಬೈಕೊಂಡಿರ್ತಿದ್ದೆ" ಎಂದ. 'ನೀವು' 'ನೀನು' ಆಗಿದ್ದು ಇಬ್ಬರ ಗಮನಕ್ಕೂ ಬಂತು.

"ಗೊತ್ತು. ಅದೇ ಯೋಚನೆಯಲ್ಲಿ ಎರಡು ತಿಂಗಳು ನಿದ್ದೆ ಬಂದಿಲ್ಲ."

"ಕೈ, ಆಮೇಲೆ ಕಾಲು, ಆಮೇಲೆ ಮಾತು. ಡಾಕ್ಟರ್ ವರಸೆಯಾಗಿ ಹೇಳಿದಾರೆ. ನೀನು ಹೋಗು."

ಅವಳು ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು. ಒಂದೊಂದೇ ಗುಂಡಿ ಹಾಕತೊಡಗಿದಳು, ಕೆಳಗಿನಿಂದ ಮೇಲಕ್ಕೆ. ಅವನ ಉಸಿರು ಅವಳ ಕೂದಲಿಗೆ ತಾಗುತ್ತಿತ್ತು. ಕೊರಳಿನ ಗುಂಡಿಗೆ ಬಂದಾಗ ನಿಲ್ಲಿಸಿ ಕೇಳಿದಳು.

"ಮಾತು ಕೊನೇಗೆ ತಾನೇ ಹೋಗೋದು?"

"ಹೂಂ."

"ಹಾಗಾದ್ರೆ ಇನ್ನೂ ಇದೆ. ಹೇಳೋದೇನಾದ್ರೂ ಇದ್ರೆ ಹೇಳು."

ಅವನು ಹೇಳಿದ, ಮೊದಲ ದಿನ ಅವಳು ಕಡಲೆಕಾಳಿನ ಮಾತಾಡಿದಾಗಿನಿಂದ ಹೇಳಬೇಕೆಂದಿದ್ದನ್ನೆಲ್ಲ, ಒಂದೇ ಉಸಿರಿಗೆ. ಅವಳು ಅತ್ತಳು, ಆದರೆ ಎದ್ದು ಹೋಗಲಿಲ್ಲ.

ಅವನನ್ನೇ ಮದುವೆಯಾಗುತ್ತೇನೆಂದಾಗ ಅಪ್ಪ ಒಂದು ವಾರ ಮಾತು ಬಿಟ್ಟ. ಕಣ್ಣಿದ್ದೂ ಬಾವಿಗೆ ಬೀಳ್ತೀಯಲ್ಲೇ ಎಂದು ಒಮ್ಮೆ ಮಾತ್ರ ಹೇಳಿದ. ಕೊನೆಗೆ ರಿಜಿಸ್ಟ್ರಾರ್ ಆಫೀಸಿಗೆ ಕೋಲೂರಿಕೊಂಡು ಬಂದು ಸಾಕ್ಷಿಯ ಸಹಿ ಹಾಕಿದವನೂ ಅವನೇ. ವರ್ಕ್‌ಶಾಪನ್ನು ತೊಳೆದು ಸುಣ್ಣ ಹೊಡೆಸಿದರು. ಮೆಟ್ಟಿಲಿಲ್ಲದ ಆ ಕೋಣೆ ಅವರ ಮನೆಯಾಯಿತು. ಗಂಡ ಅಲ್ಲಿಂದಲೇ ಗಿರಾಕಿಗಳನ್ನು ರೇಗಿಸುತ್ತಿದ್ದ. ಬಲಗೈ ಮೊದಲ ವರ್ಷದಲ್ಲೇ ಪೂರ್ತಿ ಹೋಯಿತು, ಕಾಲು ಎರಡನೆಯ ವರ್ಷ. ಡಾಕ್ಟರ್ ಲೆಕ್ಕ ತಪ್ಪಲಿಲ್ಲ.

ಮಾತು ಒಮ್ಮೆಲೇ ಹೋಗಲಿಲ್ಲ. ನೀರಿಗೆ ಬಿದ್ದ ಕಾಗದದ ಅಕ್ಷರದ ಹಾಗೆ ನಿಧಾನವಾಗಿ ಅಳಿಸುತ್ತ ಬಂತು. ಮೊದಲು ಗಿರಾಕಿಗಳಿಗೆ ಅರ್ಥವಾಗದಾಯಿತು, ಆಮೇಲೆ ಅಪ್ಪನಿಗೆ. ಅವಳಿಗೆ ಮಾತ್ರ ತಿಳಿಯುತ್ತಿತ್ತು. ಅವನು ಅಂದದ್ದನ್ನು ಎಲ್ಲರಿಗೂ ಅವಳು ಹೇಳುತ್ತಿದ್ದಳು, ಬೈಗುಳವನ್ನೂ ಬಿಡದೆ.

ಒಂದು ಬೆಳಿಗ್ಗೆ ಗಂಜಿ ಕುಡಿಸುವಾಗ ಅವನು ಏನೋ ಹೇಳಿದ. ಅವಳಿಗೆ ತಿಳಿಯಲಿಲ್ಲ. ಮತ್ತೆ ಹೇಳಿದ. ಚಮಚ ಕೆಳಗಿಟ್ಟು ಬಾಯಿಯ ಹತ್ತಿರ ಕಿವಿ ತಂದಳು. ಮೂರನೆಯ ಸಲ ಹೇಳಿದ. ಒಂದು ಅಕ್ಷರವೂ ಹತ್ತಲಿಲ್ಲ.

"ಗೊತ್ತಾಯ್ತು" ಎಂದಳು. ಅವನಿಗೆ ಅವಳು ಹೇಳಿದ ಮೊದಲ ಸುಳ್ಳು ಅದು.

ಅವನು ಅವಳನ್ನೇ ನೋಡಿದ. ಸುಳ್ಳೆಂದು ಅವನಿಗೆ ತಿಳಿದುಹೋಯಿತು. ಆಮೇಲೆ ಕಣ್ಣು ಪೂರ್ತಿ ಮುಚ್ಚುವ ಹಾಗೆ ನಕ್ಕು, ಇನ್ನೊಂದು ಚಮಚಕ್ಕೆ ಬಾಯಿ ತೆರೆದ.